ಬೇಸಿನ್ ಬರುವ ಮೊದಲೇ ಗೋಡೆ ಒಡೆಯಬೇಡಿ

ಸುಕ್ಕುಸುಕ್ಕಾದ ಬಿಳಿ ಪ್ಲಾಸ್ಟಿಕ್ ವೇಸ್ಟ್ ಪೈಪು ವಾಶ್ ಬೇಸಿನ್ನಿನ ಕೆಳಗೆ ಇರಬಾರದು. ದಾವಣಗೆರೆಯಲ್ಲಿ ಸ್ಯಾನಿಟರಿ ಸಾಮಾನಿನ ಅಂಗಡಿ ನಡೆಸುವ ನಾನು ಗಲ್ಲಾದ ಮುಂದೆ ಕೂತೇ ಈ ಮಾತು ಹೇಳುತ್ತೇನೆ. ಆ ಪೈಪು ಅಗ್ಗ, ಎಳೆದರೆ ಉದ್ದವಾಗುತ್ತದೆ, ಬಗ್ಗಿಸಿದತ್ತ ಬಗ್ಗುತ್ತದೆ. ಅದಕ್ಕೇ ಬೇಸಿನ್ನಿನ ತೂತಿಗೂ ಗೋಡೆಯ ಪೈಪಿಗೂ ಅಳತೆ ಕೂಡದ ಮನೆಗಳಲ್ಲೆಲ್ಲ ಅದೇ ತೇಪೆ. ಗೋಡೆಗೆ ತೂರಿಸಿದ ಜಾಗದಲ್ಲಿ ಸುತ್ತ ಒಂದಿಷ್ಟು ವೈಟ್ ಸಿಮೆಂಟ್ ಮೆತ್ತಿದರೆ ಕೆಲಸ ಮುಗಿಯಿತು. ಆಮೇಲೆ ಕೆಲವು ತಿಂಗಳಿಗೆ ಆ ಮನೆಯವರು ಮೊಬೈಲಿನಲ್ಲಿ ಫೋಟೊ ಹಿಡಿದು ಅಂಗಡಿಗೆ ಬರುತ್ತಾರೆ. "ನೀರು ಇಳೀತಿಲ್ಲ, ಬೆಳಿಗ್ಗೆ ಬಾಗಿಲು ತೆಗೆದರೆ ವಾಸನೆ, ರಾತ್ರಿ ಜಿರಳೆ."

ನೀರು ಇಳಿಯದಿರಲು ಕಾರಣ ಆ ಸುಕ್ಕುಗಳೇ. ಒಂದೊಂದು ಮಡಿಕೆಯೂ ಕೂದಲು, ಸೋಪು, ಪೇಸ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಪೈಪು ಜೋತುಬಿದ್ದಲ್ಲಿ ನೀರು ಕಟ್ಟಿ ಕೊಳೆಯುತ್ತದೆ. ವಾಸನೆಯ ಕಥೆ ಬೇರೆ, ಅದು ಇನ್ನೂ ಗಂಭೀರ. ಬೇಸಿನ್ನಿನಿಂದ ಇಳಿದ ನೀರು ಒಂದು ಬಾಗಿನಲ್ಲಿ ಸ್ವಲ್ಪ ಉಳಿಯಬೇಕು, ಚರಂಡಿಯ ಗಾಳಿ ಮೇಲೆ ಬಾರದಂತೆ ಆ ನೀರೇ ತಡೆಯಬೇಕು. ನಮ್ಮ ಭಾಷೆಯಲ್ಲಿ ಅದು ಟ್ರ್ಯಾಪ್. ಅದರಲ್ಲಿ ನಿಲ್ಲುವ ನೀರಿನ ಆಳ ಕನಿಷ್ಠ 50 ಮಿಲಿಮೀಟರ್ ಇರಬೇಕು. ಲಂಡನ್ನಿನಲ್ಲಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ 1775ರಲ್ಲೇ ಪಾಯಖಾನೆಯ ಪೈಪಿಗೆ ಇಂಥ ಬಾಗು ಕೊಟ್ಟು ಪೇಟೆಂಟ್ ಪಡೆದ. ಇನ್ನೂರೈವತ್ತು ವರ್ಷ ಹಳೆಯ, ಎಲ್ಲ ಕಡೆ ಸಿಗುವ ಈ ಉಪಾಯವನ್ನು ಸುಕ್ಕು ಪೈಪು ಒಂದೇ ಏಟಿಗೆ ಕಿತ್ತುಹಾಕುತ್ತದೆ. ಅದನ್ನೇ ಸುತ್ತಿ ದಾರ ಕಟ್ಟಿ ಬಾಗು ಮಾಡುವವರಿದ್ದಾರೆ. ಯಾರಾದರೂ ಕೆಳಗೆ ಬಕೆಟ್ ಸರಿಸಿದ ದಿನ ಆ ಬಾಗು ಬಿಚ್ಚಿಕೊಳ್ಳುತ್ತದೆ.

"ನೆಲದಲ್ಲಿ ನಹಾನಿ ಟ್ರ್ಯಾಪ್ ಇದೆಯಲ್ಲ, ವಾಸನೆ ಅಲ್ಲೇ ನಿಲ್ಲುತ್ತೆ" ಎನ್ನುವ ಪ್ಲಂಬರುಗಳ ಮಾತಿನಲ್ಲಿ ಅರ್ಧ ಸತ್ಯವಿದೆ. ಗೋಡೆಯ ಪೈಪು ಒಳಗಿನಿಂದ ಆ ಟ್ರ್ಯಾಪಿಗೇ ಬಂದು ಸೇರಿದ್ದರೆ ಅದು ಕಾಯುತ್ತದೆ. ನೇರವಾಗಿ ಹೊರಗಿನ ದೊಡ್ಡ ಪೈಪಿಗೆ ಕೊಟ್ಟಿದ್ದರೆ ಕಾಯುವುದಕ್ಕೆ ಏನೂ ಇಲ್ಲ. ಯಾವ ಮನೆಯಲ್ಲಿ ಹೇಗೆ ಕೊಟ್ಟಿದ್ದಾರೆಂದು ಟೈಲ್ಸ್ ಹಾಕಿದ ಮೇಲೆ ಹೇಳುವವರು ಯಾರು? ಅದೂ ಅಲ್ಲದೆ, ಬಳಸದ ಬಚ್ಚಲಿನಲ್ಲಿ ನೆಲದ ಟ್ರ್ಯಾಪ್ ಒಣಗುತ್ತದೆ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಸಾರ್ಸ್ ರೋಗ 300ಕ್ಕೂ ಹೆಚ್ಚು ಮಂದಿಗೆ ಹರಡಿತು. ಅದು ಹರಡಿದ ದಾರಿಗಳಲ್ಲಿ ಬಚ್ಚಲಿನ ನೆಲದ ಒಣಗಿದ ಟ್ರ್ಯಾಪ್‌ಗಳೂ ಒಂದು ಎಂದು ಅಲ್ಲಿನ ಆರೋಗ್ಯ ಇಲಾಖೆಯ ತನಿಖೆ ಹೇಳಿತು.

ಹಾಗಾದರೆ ಪೈಪು ಎರಡಿಂಚು ಪಕ್ಕಕ್ಕೆ ಹೋಗಿರುವ ಮನೆಯವರು ಏನು ಮಾಡಬೇಕು? ಪಕ್ಕಕ್ಕೆ ಹೋಗಿದ್ದರೆ ಹೆದರಬೇಕಿಲ್ಲ. ಸುಕ್ಕು ಪೈಪಿನ ಬದಲು ಬೇಸಿನ್ನಿಗೆ ಪಿ ಟ್ರ್ಯಾಪ್ ಹಾಕಿಸಿ. ಅದರ ಕೆಳಗಿನ ಬಾಗು ಸುತ್ತಲೂ ತಿರುಗುತ್ತದೆ. ಅದನ್ನು ಓರೆಯಾಗಿ ತಿರುಗಿಸಿ, ಗೋಡೆಗೆ ಹೋಗುವ ತುಂಡನ್ನು ಅಳತೆಗೆ ಕತ್ತರಿಸಿದರೆ ಎರಡು ಮೂರು ಇಂಚಿನ ವ್ಯತ್ಯಾಸ ಅದರಲ್ಲೇ ಕರಗುತ್ತದೆ. ಅದಕ್ಕೂ ಹೆಚ್ಚಾದರೆ ಟ್ರ್ಯಾಪ್ ಆದ ಮೇಲೆ 45 ಡಿಗ್ರಿಯ ಎರಡು ಎಲ್ಬೋ ಹಾಕಿ, ಅಡಿಗೆ ಕಾಲಿಂಚಿನಂತೆ ಗೋಡೆಯತ್ತ ಇಳಿಜಾರು ಕೊಡಬೇಕು. 90 ಡಿಗ್ರಿಯ ಎಲ್ಬೋ ಎರಡು ಬಳಸಿದರೆ ಕೊಳೆ ನಿಲ್ಲುವ ಮೂಲೆ ಎರಡಾಗುತ್ತವೆ. ಬೇಸಿನ್ನಿನ ಕಡೆ 32 ಮಿಲಿಮೀಟರ್, ಗೋಡೆಯ ಕಡೆ 40 ಅಥವಾ 50 ಇರುವುದರಿಂದ ಆ ಸಂದಿಗೆ ಅಳತೆಯ ರಬ್ಬರ್ ಕಾಲರ್ ಬೇಕು. ವೈಟ್ ಸಿಮೆಂಟ್ ಬಿರುಕು ಬಿಡುತ್ತದೆ, ರಬ್ಬರ್ ಬಿಡುವುದಿಲ್ಲ. ಪೈಪು ಗೋಡೆಯೊಳಗೆ ತೀರಾ ಹಿಂದೆ ಸರಿದಿದ್ದರೆ ಉದ್ದದ ಔಟ್‌ಲೆಟ್ ತುಂಡು ಸಿಗುತ್ತದೆ. ಪ್ಲಾಸ್ಟಿಕ್ ಟ್ರ್ಯಾಪಿಗೆ ಸುಕ್ಕು ಪೈಪಿನ ಎರಡು ಮೂರು ಪಟ್ಟು ಬೆಲೆ, ಬೇಸಿನ್ನಿನ ಬೆಲೆಯ ಮುಂದೆ ಅದು ಏನೂ ಅಲ್ಲ.

ಕಷ್ಟ ಇರುವುದು ಎತ್ತರದಲ್ಲಿ. ಗೋಡೆಯ ಪೈಪು ತೀರಾ ಕೆಳಗಿದ್ದರೆ ಬೇಸಿನ್ನಿನಿಂದ ಇಳಿಯುವ ಪೈಪನ್ನು ಉದ್ದ ಮಾಡಿ ಟ್ರ್ಯಾಪನ್ನೇ ಕೆಳಗಿಳಿಸಬೇಕು. ಅದು ಬಿಟ್ಟು ಟ್ರ್ಯಾಪ್ ಆದ ಮೇಲೆ ಪೈಪನ್ನು ನೆಟ್ಟಗೆ ಕೆಳಕ್ಕೆ ಇಳಿಸಿದರೆ, ಹರಿದು ಹೋಗುವ ನೀರು ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಇನ್ನು ಗೋಡೆಯ ಪೈಪು ಟ್ರ್ಯಾಪಿನ ಬಾಯಿಗಿಂತ ಮೇಲಿದ್ದರೆ ಮೊದಲು ಇಳಿಪೈಪನ್ನು ಕತ್ತರಿಸಿ ಟ್ರ್ಯಾಪನ್ನು ಮೇಲಕ್ಕೆ ತರಬಹುದು. ಅದಕ್ಕೂ ಜಾಗವಿಲ್ಲದಿದ್ದರೆ ಒಂದೋ ಬೇಸಿನ್ ಮೇಲೇರಬೇಕು, ಇಲ್ಲ ಗೋಡೆ ಒಡೆಯಬೇಕು. ಪಂಪಿಲ್ಲದೆ ನೀರನ್ನು ಹತ್ತಿಸುವ ಸಾಮಾನು ನನ್ನ ಅಂಗಡಿಯಲ್ಲಿಲ್ಲ, ಯಾರ ಅಂಗಡಿಯಲ್ಲೂ ಇಲ್ಲ.

ಈ ಅಳತೆ ತಪ್ಪುವುದು ಎಲ್ಲಿ? ಪ್ಲಂಬರಿಗೆ ಬರುವುದಿಲ್ಲ ಎಂದು ಬೈಯುವುದು ಸುಲಭ, ನಾನು ಒಪ್ಪುವುದಿಲ್ಲ. ಬೆಂಗಳೂರಿನಲ್ಲೂ ದೇಶದ ಇತರ ನಗರಗಳಲ್ಲೂ ಪೈಪು ಜೋಡಿಸುವ ಕೈಗಳಲ್ಲಿ ಬಹಳಷ್ಟು ಒಡಿಶಾದ ಕೇಂದ್ರಪಾಡಾ ಜಿಲ್ಲೆಯವು. ಅಪ್ಪನಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ಬಂದ ವಿದ್ಯೆ ಅದು. ನಮ್ಮೂರಿನ ಪ್ಲಂಬರುಗಳೂ ಕಡಿಮೆಯೇನಲ್ಲ. ತಪ್ಪು ಇರುವುದು ಕೆಲಸದ ಸರದಿಯಲ್ಲಿ. ಗೋಡೆ ಒಡೆದು ಪೈಪು ಕೂರಿಸುವ ದಿನ ಯಾವ ಬೇಸಿನ್ ಎಂಬುದೇ ಗೊತ್ತಿರುವುದಿಲ್ಲ. ಪ್ಲಂಬರ್ ವಾಡಿಕೆಯಂತೆ ಒಂದು ಎತ್ತರಕ್ಕೆ ಪೈಪು ಬಿಟ್ಟು ಹೋಗುತ್ತಾನೆ. ಆಮೇಲೆ ಪ್ಲಾಸ್ಟರು, ಗಾರೆ, ಟೈಲ್ಸು ಸೇರಿ ಗೋಡೆ ಒಂದೂವರೆ ಇಂಚು ಮುಂದೆ ಬರುತ್ತದೆ. ನೆಲ ತುಂಬಿಸಿ ಟೈಲ್ಸ್ ಹಾಕಿದಾಗ ನೆಲವೂ ಮೇಲೇರುತ್ತದೆ. ಆಗ ಮನೆಯವರು ಅಂಗಡಿಗೆ ಬಂದು, ಗೋಡೆಗೆ ತೂಗುಹಾಕುವ ಬೇಸಿನ್ ಬಿಟ್ಟು ಗ್ರಾನೈಟ್ ಕಲ್ಲಿನ ಮೇಲೆ ಕೂರುವ ಟೇಬಲ್ ಟಾಪ್ ಆರಿಸುತ್ತಾರೆ. ಕಲ್ಲಿನ ಎತ್ತರ ಬೇರೆ, ತೂತಿನ ಜಾಗ ಬೇರೆ, ಕೆಳಗೆ ಡ್ರಾಯರ್ ಬೇರೆ ಬೇಕು.

ಇದರ ಮೇಲೆ ಪಾಯಿಂಟ್ ಲೆಕ್ಕದ ಕೂಲಿ. ಒಂದು ನಲ್ಲಿಗೆ ಇಷ್ಟು, ಒಂದು ವೇಸ್ಟ್ ಲೈನಿಗೆ ಇಷ್ಟು. ಅಳತೆ ಹಾಕಿ ಗೋಡೆಯ ಮೇಲೆ ಗುರುತು ಮಾಡುವ ಕೆಲಸಕ್ಕೆ ಆ ಲೆಕ್ಕದಲ್ಲಿ ಕಾಸಿಲ್ಲ. ಎಷ್ಟೋ ಕಡೆ ಪೈಪು ಕೂರಿಸಿದವನು ಒಬ್ಬ, ತಿಂಗಳುಗಳ ನಂತರ ಬೇಸಿನ್ ಜೋಡಿಸುವವನು ಇನ್ನೊಬ್ಬ. ಎರಡನೆಯವನ ಕೈಗೆ ಸಿಗುವುದು ತಪ್ಪಿದ ಅಳತೆ ಮತ್ತು ಅರ್ಧ ದಿನ. ಅವನು ಸುಕ್ಕು ಪೈಪು ತಾರದೆ ಇನ್ನೇನು ಮಾಡಿಯಾನು?

ಮನೆ ಕಟ್ಟಿಸುವವರನ್ನು ನಾನು ಕೇಳುವುದು ಇಷ್ಟು. ಗೋಡೆ ಒಡೆಯುವ ಮೊದಲು ಬೇಸಿನ್ ಆರಿಸಿ. ಕೊಳ್ಳಲು ದುಡ್ಡಿಲ್ಲದಿದ್ದರೆ ಮಾಡೆಲ್ಲಿನ ಅಳತೆಯ ಹಾಳೆಯಾದರೂ ಪ್ಲಂಬರ್ ಕೈಗೆ ಕೊಡಿ, ಅಂಗಡಿಯವರು ಬೇಡವೆನ್ನುವುದಿಲ್ಲ. ಗುರುತು ಹಾಕುವ ಭೇಟಿಗೆ ಪಾಯಿಂಟ್ ಲೆಕ್ಕದ ಹೊರಗೆ ಕೂಲಿ ಕೊಡಿ. ಗಾರೆ ಮುಚ್ಚುವ ಮೊದಲು ಟೇಪು ಹಿಡಿದು ಒಂದು ಫೋಟೊ ತೆಗೆದಿಡಿ. ಫ್ಲ್ಯಾಟ್ ಕೊಳ್ಳುವವರು ಕೀಲಿ ತೆಗೆದುಕೊಳ್ಳುವ ಮುನ್ನ ಬೇಸಿನ್ನಿನ ಕೆಳಗಿನ ಬಾಗಿಲು ತೆಗೆಸಿ ನೋಡಿ, ಸುಕ್ಕು ಪೈಪು ಕಂಡರೆ ಬಿಲ್ಡರ್ ಕೈಯಲ್ಲೇ ಬದಲಾಯಿಸಿಕೊಳ್ಳಿ.

ಈಗಾಗಲೇ ಕಟ್ಟಿದವರು ಟೈಲ್ಸ್ ಹಾಳಾಗುತ್ತದೆಂದು ಅಂಜಿ ವರ್ಷಗಟ್ಟಲೆ ವಾಸನೆ ಸಹಿಸುತ್ತಾರೆ. ಗೋಡೆಯ ಪೈಪನ್ನು ಕೆಳಗಿಳಿಸಬೇಕಾಗಿ ಬಂದರೂ ಸಾಮಾನ್ಯವಾಗಿ ಒಂದೆರಡು ಟೈಲ್ಸ್ ಒಡೆದರೆ ಸಾಕು. ಅದೇ ಬಣ್ಣದ್ದು ಈಗ ಸಿಗದಿದ್ದರೆ ಹತ್ತಿರದ ಬಣ್ಣದ್ದು ಹಾಕಿಸಿ. ಬೇಸಿನ್ನಿನ ಕೆಳಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.