ಅಕ್ಕನ ಕೈಯ ಕತ್ತರಿ



ಹುಡುಗರ ತಲೆಗೂದಲ ಚರಿತ್ರೆ ಹೇಳೋರು ಜುಟ್ಟು ಹೋಗಿ ಕ್ರಾಪು ಬಂತು, ಆಮೇಲೆ ಹಿಪ್ಪಿ ಕಟಿಂಗ್ ಬಂತು ಅಂತಾರೆ. ಕತ್ತರಿ ಯಾರ ತಲೆ ಮುಟ್ಟಲಿಲ್ಲ ಅನ್ನೋದನ್ನ ಬರೆಯೋರು ಯಾರು?

ಸಾತಾರಾದಲ್ಲಿ ಬಾಲಕ ಭೀಮರಾಯನ ಮನೆಯ ಮಕ್ಕಳಿಗೆ ಯಾವ ಕ್ಷೌರಿಕನೂ ಕ್ಷೌರ ಮಾಡುತ್ತಿರಲಿಲ್ಲ. ದುಡ್ಡಿಲ್ಲವೆಂದಲ್ಲ, ಮಹಾರರೆಂದು. ಅಕ್ಕನೇ ಕತ್ತರಿ ಹಿಡಿದಳು. 1901ರಲ್ಲಿ ಅಪ್ಪನನ್ನು ನೋಡಲು ಹೊರಟಾಗ ಆ ಮಕ್ಕಳು ಹೊಸ ಅಂಗಿ, ಮಿರುಗುವ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಧೋತ್ರ ತೊಟ್ಟಿದ್ದರು. ಮಸೂರಿನ ಸ್ಟೇಷನ್ ಮಾಸ್ತರ ಬ್ರಾಹ್ಮಣರ ಮಕ್ಕಳೆಂದೇ ನಂಬಿದ. ಜಾತಿ ಹೇಳಿದ್ದೇ ತಡ, ಅವನ ಮುಖ ಬದಲಾಯಿತು. ಗಾಡಿಯವರೂ ಒಲ್ಲೆ ಅಂದರು. ದುಪ್ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆಯಬೇಕಾಯಿತು. ಬಟ್ಟೆ ಹೊಸದು, ನೋಡೋ ಕಣ್ಣು ಮಾತ್ರ ಹಳೇದು.

ಅಸ್ಪೃಶ್ಯತೆಯ ಹೆಸರಲ್ಲಿ ಸೇವೆ ನಿರಾಕರಿಸುವುದು ಅಪರಾಧವೆಂದು 1955ರಲ್ಲೇ ಕಾನೂನು ಬಂತು. ಆದರೂ 2020ರಲ್ಲಿ ನಂಜನಗೂಡು ತಾಲ್ಲೂಕಿನ ಕ್ಷೌರಿಕರೊಬ್ಬರು, ದಲಿತರಿಗೆ ಕಟಿಂಗ್ ಮಾಡಿದ್ದಕ್ಕೆ ತಮಗೆ ದಂಡ, ಬಹಿಷ್ಕಾರ ಹಾಕಿದರೆಂದು ದೂರಿದರು. ಕತ್ತರಿ ಹಿಡಿದ ಕೈಯನ್ನೂ ಊರ ಯಜಮಾನಿಕೆ ಹಿಡಿದಿದೆ. ನಮ್ಮ ಜಗಳ ಆ ಕೈಯ ಜೊತೆಯಲ್ಲ, ಅದನ್ನು ಹಿಡಿದವರ ಜೊತೆ.

ನಮ್ಮ ಕೇರಿಯ ಹುಡುಗ ಕಟಿಂಗ್ ಮಾಡಿಸೋಕೆ ಪಕ್ಕದೂರಿಗೆ ನಡೆಯಬಾರದು. ತನ್ನೂರ ಅಂಗಡಿಯಲ್ಲೇ, ಕನ್ನಡಿ ಮುಂದಿನ ಕುರ್ಚಿಯಲ್ಲಿ ಕೂತು, 'ಹಿಂದೆ ಸಣ್ಣಗೆ ಮಾಡಣ್ಣ, ಮುಂದೆ ಉದ್ದ ಬಿಡು' ಅನ್ನಬೇಕು. ಆ ಕುರ್ಚಿ ಯಾರೂ ಕೊಡೋ ಭಿಕ್ಷೆಯಲ್ಲ. ಮಕ್ಕಳ ಕೈಹಿಡಿದು ಹೋಗಿ, ಕೂರಿಸಿ.