ಆಳುಗಳ ಎಣಿಕೆಯೂ ಹುಟ್ಟುವಳಿಯ ಎಣಿಕೆಯೂ

ಕುಮಟೆಯಿಂದ ಶಿರಸಿಗೆ ಹೋಗುವ ದಾರಿಯಲ್ಲಿ ದೇವಿಮನೆ ಘಟ್ಟವನ್ನೇರುವುದಕ್ಕೆ ಮೊದಲು ಸಿಕ್ಕುವ ಕತಗಾಲದ ಸೀಮೆಯಲ್ಲಿ, ಆರಿದ್ರಾ ಮಳೆ ಹಿಡಿದ ಕೂಡಲೆ ಜಮೀನುದಾರರ ಬಾಯಲ್ಲಿ ಕೇಳಿಬರುವ ಮಾತು ಒಂದೇ: “ಆಳು ಸಿಕ್ಕುವುದಿಲ್ಲ.” ಅಗೆ ಬಲಿತು ನಿಂತಿರುತ್ತದೆ, ಗದ್ದೆ ಹದಗೊಂಡಿರುತ್ತದೆ, ನೆಡುವ ಕೈಗಳು ಮಾತ್ರ ಬರುವುದಿಲ್ಲ. ಅದೇ ವಾರದಲ್ಲಿ ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದನ್ನು ಹೊಡೆಯಿಸಬೇಕಾಗುತ್ತದೆ. ಹಲವು ತೋಟಗಳಿಗೆ ಮರವೇರುವವನು ಒಬ್ಬನೇ. ಈ ದೂರಿನಲ್ಲಿ ಸುಳ್ಳಿಲ್ಲ. ಆದರೆ ಇಡೀ ದೇಶದ ಲೆಕ್ಕವನ್ನು ತೆಗೆದು ನೋಡಿದರೆ ಇದಕ್ಕೆ ತೀರ ವಿರುದ್ಧವಾದ ಸಂಗತಿಯು ಕಾಣುತ್ತದೆ. ಅಲ್ಲಿ ಒಕ್ಕಲುತನಕ್ಕೆ ಆಳು ಕಡಿಮೆಯಲ್ಲ, ಹೆಚ್ಚು. ಈ ಎರಡೂ ಮಾತುಗಳು ಏಕಕಾಲದಲ್ಲಿ ನಿಜವಾಗಿರುವುದು ಹೇಗೆಂಬುದನ್ನು ಗ್ರಾಮದ ಮುಖಂಡರೂ ಭೂಮಾಲಿಕರೂ ಶಾಂತಚಿತ್ತದಿಂದ ವಿಚಾರಿಸುವುದು ಅವಶ್ಯವಾಗಿದೆ.

1951ರ ಸುಮಾರಿನಲ್ಲಿ ಈ ದೇಶದ ದುಡಿಯುವ ಜನರಲ್ಲಿ ಶೇಕಡಾ 70ರಷ್ಟು ಮಂದಿ ಒಕ್ಕಲುತನವನ್ನು ನಂಬಿದ್ದರು. ರಾಷ್ಟ್ರದ ಹುಟ್ಟುವಳಿಯಲ್ಲಿ ಸುಮಾರು ಅರ್ಧ ಭಾಗವು ಅದರಿಂದ ಬರುತ್ತಿದ್ದಿತು. ಕೇಂದ್ರ ಸರ್ಕಾರದ ಶ್ರಮಶಕ್ತಿ ಸಮೀಕ್ಷೆಯ ಪ್ರಕಾರ 2023–24ರಲ್ಲಿ ದುಡಿಯುವವರ ಪೈಕಿ ಶೇಕಡಾ 46 ಮಂದಿ ಒಕ್ಕಲುತನ ಮತ್ತು ಅದಕ್ಕೆ ಹೊಂದಿದ ಕಸುಬುಗಳಲ್ಲಿದ್ದರು. ಆದರೆ ರಾಷ್ಟ್ರದ ಹುಟ್ಟುವಳಿಯಲ್ಲಿ ಅವರ ಪಾಲು ಸುಮಾರು ಶೇಕಡಾ 18 ಮಾತ್ರ. ಉಳಿದ 54 ಮಂದಿ 82 ಪಾಲನ್ನು ಹುಟ್ಟಿಸಿದರು. ಗುಣಿಸಿ ಭಾಗಿಸಿದರೆ, ಗದ್ದೆ ತೋಟಗಳಲ್ಲಿ ನಾಲ್ವರು ದುಡಿದು ಹುಟ್ಟಿಸುವ ಮೌಲ್ಯವನ್ನು ಹೊರಗಿನ ಕಸುಬಿನಲ್ಲಿ ಒಬ್ಬನೇ ಹುಟ್ಟಿಸುತ್ತಾನೆಂದಾಯಿತು. 2018–19ರಲ್ಲಿ ಒಕ್ಕಲುತನದಲ್ಲಿದ್ದವರು ಶೇಕಡಾ 42.5ರಷ್ಟಿದ್ದು, 2020ರ ಮಹಾಮಾರಿಯ ಕಾಲದಲ್ಲಿ ಪಟ್ಟಣಗಳ ಕೆಲಸ ನಿಂತು ಜನರು ಹಳ್ಳಿಗೆ ಮರಳಿದಾಗ ಆ ಸಂಖ್ಯೆಯು ಪುನಃ ಏರಿತೆಂಬುದೂ ಗಮನಿಸತಕ್ಕ ವಿಷಯವು. ಅನ್ಯ ಆಶ್ರಯವಿಲ್ಲದವನು ಭೂಮಿಗೆ ಬರುತ್ತಾನೆ. ಆಶ್ರಯ ದೊರೆತೊಡನೆ ಬಿಟ್ಟುಹೋಗುತ್ತಾನೆ.

ಕತಗಾಲದ ಆಳು ಎಲ್ಲಿ ಹೋದನೆಂಬ ಪ್ರಶ್ನೆಗೆ ಉತ್ತರವು ಈ ಅಂಕಿಗಳಲ್ಲಿಯೇ ಇದೆ. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾದ ಮೇಲೆ ಕುಮಟೆಯ ತರುಣನಿಗೆ ಗೋವೆಯೂ ಮಂಗಳೂರೂ ಹತ್ತಿರದ ಊರುಗಳಾದವು. ಅಲ್ಲಿ ಹನ್ನೆರಡು ತಿಂಗಳೂ ಕೆಲಸವಿರುತ್ತದೆ. ಇಲ್ಲಿಯ ಗದ್ದೆಯಲ್ಲಿ ನಾಟಿಗೆ ಕೆಲವು ವಾರ, ಕೊಯ್ಲಿಗೆ ಕೆಲವು ವಾರ. ಆರಿದ್ರೆಯಿಂದ ಪುಷ್ಯದವರೆಗೆ ನೂರು ಕೈ ಬೇಕು. ಉಳಿದ ದಿನ ಹತ್ತು ಕೈಗೂ ಕೆಲಸವಿಲ್ಲ. ನಾಲ್ಕು ವಾರದ ಕೂಲಿಯನ್ನು ನೆಚ್ಚಿ ಯಾವನೂ ವರ್ಷವಿಡೀ ಊರಿನಲ್ಲಿ ಕುಳಿತಿರಲಾರನು. ಆದುದರಿಂದ ಕೊರತೆಯಿರುವುದು ಜನರದ್ದಲ್ಲ, ಹೊತ್ತಿಗೆ ಒದಗುವ ಜನರದ್ದು. ಹೆಚ್ಚಿರುವುದು ದುಡಿಮೆಯಲ್ಲ, ದುಡಿಮೆಯಿಲ್ಲದ ದಿನಗಳು.

ಬೇಸಾಯಗಾರರು ಎಕರೆಗೆ ಎಷ್ಟು ಕ್ವಿಂಟಾಲು ಭತ್ತ ಬಂದಿತೆಂದು ಕೇಳುವುದು ಸಾಲಾಬಾದಿನ ರೂಢಿ. ಒಂದು ಆಳಿನ ದಿನಕ್ಕೆ ಎಷ್ಟು ಬಂದಿತೆಂದು ಕೇಳುವವರು ವಿರಳ. ಎಣಿಕೆಗಾಗಿ ಇಬ್ಬರು ಭೂಮಾಲಿಕರನ್ನು ಊಹಿಸಿಕೊಳ್ಳಬಹುದು. ಒಬ್ಬನು ಒಂದು ಎಕರೆಗೆ 40 ಆಳುದಿನಗಳನ್ನು ವೆಚ್ಚಮಾಡಿ 16 ಕ್ವಿಂಟಾಲು ಬೆಳೆದನೆನ್ನೋಣ. ಇನ್ನೊಬ್ಬನು ನಾಟಿ ಮತ್ತು ಕೊಯ್ಲುಗಳಿಗೆ ಬಾಡಿಗೆಯ ಯಂತ್ರವನ್ನು ತರಿಸಿ, 20 ಆಳುದಿನಗಳಲ್ಲಿ 14 ಕ್ವಿಂಟಾಲು ಬೆಳೆದನೆನ್ನೋಣ. ಊರವರು ಮೊದಲನೆಯವನನ್ನೇ ಕುಶಲನೆಂದು ಹೊಗಳುವರು. 2025–26ನೆಯ ಸಾಲಿಗೆ ಸಾಧಾರಣ ಭತ್ತಕ್ಕೆ ಸರ್ಕಾರವು ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಈ ದರದಲ್ಲಿ ಮೊದಲನೆಯವನ ಒಂದು ಆಳುದಿನಕ್ಕೆ 948 ರೂಪಾಯಿಯ ಭತ್ತ ಹುಟ್ಟಿತು. ಎರಡನೆಯವನಿಗೆ ಯಂತ್ರಗಳ ಬಾಡಿಗೆ 5,000 ರೂಪಾಯಿ ಕಳೆದ ಮೇಲೆಯೂ ಆಳುದಿನಕ್ಕೆ 1,408 ರೂಪಾಯಿ ಉಳಿಯಿತು. ಬೀಜ, ಗೊಬ್ಬರ, ಉಳುಮೆಗಳ ವೆಚ್ಚವನ್ನೂ ಕೂಲಿಯನ್ನೂ ಈ ಮೊತ್ತದಿಂದಲೇ ತೆಗೆಯಬೇಕು. ಹೆಚ್ಚಿನ ಕೂಲಿಯನ್ನು ಕೊಡಬಲ್ಲವನು ಇಬ್ಬರಲ್ಲಿ ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಳೊಂದರ ಹುಟ್ಟುವಳಿ ಹೆಚ್ಚದೆ ಕೂಲಿ ಹೆಚ್ಚಲಾರದು; ಕೂಲಿ ಹೆಚ್ಚದೆ ಆಳು ನಿಲ್ಲಲಾರನು; ಆಳು ನಿಲ್ಲದೆ ಗದ್ದೆ ಹಸನಾಗಿರಲಾರದು.

ಆಳಿನ ಹುಟ್ಟುವಳಿಯನ್ನು ಹೆಚ್ಚಿಸುವುದಕ್ಕೆ ಯಂತ್ರವೊಂದೇ ದಾರಿಯೆಂದು ತಿಳಿಯತಕ್ಕದ್ದಲ್ಲ. ಹಿಂದೆ ಅಡಿಕೆಯನ್ನು ಕೊಳೆರೋಗದಿಂದ ಉಳಿಸಲು ಮರಮರವನ್ನೇರಿ ಕೊನೆಕೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಶೋಧಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ: ಇಷ್ಟು ತಿಳಿವಳಿಕೆಯಿಂದ ಅದೇ ಕೊನೆಗೌಡನ ಒಂದು ದಿನದ ಶ್ರಮವು ಹಲವು ಪಾಲು ಬೆಲೆಯುಳ್ಳದ್ದಾಯಿತು. ಇತ್ತೀಚಿನ ವರ್ಷಗಳಲ್ಲಿ ಹಗುರವಾದ ಕಾರ್ಬನ್ ದೋಟಿಯು ಬಂದು, ನೆಲದಲ್ಲಿ ನಿಂತೇ ಮದ್ದು ಹೊಡೆಯುವುದಕ್ಕೂ ಕೊನೆ ಕೊಯ್ಯುವುದಕ್ಕೂ ಅನುಕೂಲವಾಗಿದೆ. ಮರದಿಂದ ಬೀಳುವ ಭಯ ತಪ್ಪಿದರೆ ತರುಣರು ಈ ಕಸುಬಿಗೆ ಮರಳಿ ಬರುವ ಸಂಭವವುಂಟು.

ಯಂತ್ರವು ಬಡವನ ಅನ್ನವನ್ನು ಕಸಿಯುವುದೆಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ಕ್ಷುಲ್ಲಕವಲ್ಲ. ನಾಟಿಯ ಕೆಲಸವನ್ನು ಬಹುಮಟ್ಟಿಗೆ ಹೆಂಗಸರೇ ಮಾಡುತ್ತಾರೆ. ದೇಶದ ಹಳ್ಳಿಗಳಲ್ಲಿ ದುಡಿಯುವ ಹೆಂಗಸರಲ್ಲಿ ನಾಲ್ವರಲ್ಲಿ ಮೂವರು ಒಕ್ಕಲುತನದಲ್ಲಿಯೇ ಇದ್ದಾರೆ. ಅವರ ನಾಟಿಕೂಲಿಯನ್ನು ತಪ್ಪಿಸಿ ಬೇರೆ ಕೆಲಸವನ್ನು ಒದಗಿಸದಿದ್ದರೆ ಅದು ಸುಧಾರಣೆಯೆನಿಸದು. ಅದಕ್ಕೆ ದಾರಿಯನ್ನು ಕುಮಟೆಯ ಕರಾವಳಿಯೇ ತೋರಿಸಿದೆ. ಭತ್ತ ಕೊಯ್ದ ಮೇಲೆ ಅಳ್ವೆಕೋಡಿ, ವನ್ನಳ್ಳಿಗಳ ಕಡೆಯಲ್ಲಿ ಬೆಳೆಯುವ ಸಿಹಿ ಈರುಳ್ಳಿಯು ಹೆದ್ದಾರಿಯ ಬದಿಯಲ್ಲಿಯೇ ಮಾರಾಟವಾಗುತ್ತದೆ. ಹಾಲಕ್ಕಿ ಒಕ್ಕಲಿಗರ ಕಾಯಿಪಲ್ಲೆಯು ಪೇಟೆಗಳಲ್ಲಿ ಹೆಸರಾಗಿದೆ. ನೀರಿರುವ ಕಡೆ ಎರಡನೆಯ ಬೆಳೆಯಿಟ್ಟರೆ ಮಾರ್ಗಶಿರದಿಂದ ಚೈತ್ರದವರೆಗೆ ಅದೇ ಹೆಂಗಸರಿಗೆ ಕೆಲಸ ಸಿಕ್ಕುತ್ತದೆ. ಗಂಡಾಳಿನ ದಿನವೂ ಹೆಣ್ಣಾಳಿನ ದಿನವೂ ಒಂದೇ ದಿನವೆಂದು ತಿಳಿದು ಕೂಲಿ ಕೊಡುವ ಊರಿಗೆ ಆಳಿನ ಕೊರತೆಯು ಕಡಿಮೆಯೇ ಇರುವುದು.

ಇನ್ನು ಕೆಲವರು, ಚಿಕ್ಕ ಚಿಕ್ಕ ಗದ್ದೆಗಳಿಗೆ ಯಂತ್ರವು ಒಗ್ಗದೆನ್ನುವರು. 2015–16ರ ಕೃಷಿ ಗಣತಿಯಂತೆ ಕರ್ನಾಟಕದಲ್ಲಿ ಸರಾಸರಿ ಹಿಡುವಳಿಯು 1.36 ಹೆಕ್ಟೇರು, ಎಂದರೆ 3 ಎಕರೆ 14 ಗುಂಟೆಯಷ್ಟು. ಇಷ್ಟು ಭೂಮಿಗೆ ಒಬ್ಬೊಬ್ಬನು ಯಂತ್ರ ಕೊಳ್ಳುವುದು ಅವಿವೇಕವೇ ಸರಿ. ಆದರೆ ಜಪಾನಿನ ಗದ್ದೆಗಳೂ ಚಿಕ್ಕವೇ; ಅಲ್ಲಿ 1970ರ ದಶಕದಲ್ಲಿಯೇ ನಾಟಿ ಯಂತ್ರವು ವ್ಯಾಪಿಸಿತು. ಅಲ್ಲಿಂದ ಒಂದು ಎಚ್ಚರಿಕೆಯನ್ನೂ ಕಲಿಯತಕ್ಕದ್ದಿದೆ: ಯಂತ್ರ ಬಂದರೂ ತರುಣರು ನಿಲ್ಲಲಿಲ್ಲ; ಆ ದೇಶದ ಬೇಸಾಯಗಾರರ ಸರಾಸರಿ ವಯಸ್ಸು 65ನ್ನು ದಾಟಿದೆ. ಕಸುಬಿನಲ್ಲಿ ಆದಾಯವೂ ಮರ್ಯಾದೆಯೂ ಇಲ್ಲದಿದ್ದರೆ ಯಂತ್ರವೊಂದೇ ಯಾರನ್ನೂ ಹಿಡಿದಿಡಲಾರದು.

ಒಬ್ಬನು ಗದ್ದೆಯನ್ನು ಬೀಳು ಬಿಟ್ಟರೆ ನಷ್ಟವು ಅವನೊಬ್ಬನದಲ್ಲ. ಕತಗಾಲದಿಂದ ಕೆಳಗೆ ಅಘನಾಶಿನಿಯ ಅಳಿವೆಯ ಬಳಿ ಮಾಣಿಕಟ್ಟಾ ಮೊದಲಾದ ಊರುಗಳ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ಸಹಿಸುವ ಕಗ್ಗ ಭತ್ತವು ಬೆಳೆಯುತ್ತದೆ. ಅಲ್ಲಿ ಎಲ್ಲರೂ ಕೂಡಿ ಒಡ್ಡನ್ನು ಕಾಯದಿದ್ದರೆ ಯಾರ ಗದ್ದೆಯೂ ಉಳಿಯದು. ಮೇಲಿನ ಬಯಲಿನಲ್ಲಿಯೂ ಸ್ಥಿತಿಯು ಬೇರೆಯಲ್ಲ; ನಡುವೆ ಬೀಳು ಬಿದ್ದ ಗದ್ದೆಯು ಹಂದಿಗೂ ಹೆಗ್ಗಣಕ್ಕೂ ಮನೆಯಾಗುತ್ತದೆ.

ಆದುದರಿಂದ ಪ್ರತಿ ಊರಿನ ಮುಖಂಡರು ಮೃಗಶಿರಾ ಮಳೆಗೆ ಒಂದು ತಿಂಗಳು ಮೊದಲೇ ಬಯಲಿನ ಒಡೆಯರೆಲ್ಲರನ್ನೂ ಕೂಡಿಸುವುದು ಯುಕ್ತವು. ಒಂದೇ ಅವಧಿಯ ತಳಿಯನ್ನು ಗೊತ್ತುಮಾಡಿ, ಚಾಪೆ ಸಸಿಮಡಿಯನ್ನು ಒಟ್ಟಾಗಿ ಹಾಕಿ, 15–20 ದಿನದ ಸಸಿಯಿರುವಾಗಲೇ ಯಂತ್ರವು ಗದ್ದೆಯಿಂದ ಗದ್ದೆಗೆ ಸಾಗುವಂತೆ ಏರ್ಪಡಿಸಬೇಕು. 2014–15ರಲ್ಲಿ ರಾಜ್ಯ ಸರ್ಕಾರವು ಆರಂಭಿಸಿದ ಕೃಷಿ ಯಂತ್ರಧಾರೆಯ ಉದ್ದೇಶವೇ ಬಾಡಿಗೆಗೆ ಯಂತ್ರ ಒದಗಿಸುವುದು. ಕೆಸರು ಆಳವಾದ ಕಡೆ ಯಂತ್ರವು ಹೂಳುವುದುಂಟು. ಅಂಥ ಗದ್ದೆಗಳನ್ನು ಕೈನಾಟಿಗೆ ಬಿಟ್ಟು, ಉಳಿದ ಆಳನ್ನೆಲ್ಲ ಅಲ್ಲಿಗೆ ಹಾಕಬಹುದು. ಪೂರ್ವಿಕರು ಮುಯ್ಯಾಳಿನಿಂದ ಸಾಧಿಸಿದ್ದು ಇದನ್ನೇ. ಈಗ ಮುಯ್ಯಿಗೆ ಆಳಿನ ಜೊತೆಗೆ ಯಂತ್ರವೂ ಸೇರಬೇಕಾಗಿದೆ.

ಪ್ರತಿಯೊಬ್ಬ ಭೂಮಾಲಿಕನೂ ಈ ಸಲದ ಬೆಳೆಗೆ ಒಂದು ಪುಸ್ತಕವನ್ನಿಟ್ಟು, ಯಾವ ಕೆಲಸಕ್ಕೆ ಎಷ್ಟು ಆಳುದಿನ ಹಿಡಿಯಿತೆಂದು ಬರೆದಿಡಲಿ. ಸುಗ್ಗಿಯಲ್ಲಿ ಭತ್ತವನ್ನು ಅಳೆದ ದಿನ ಆ ಪುಸ್ತಕವನ್ನು ತೆರೆದು ಭಾಗಿಸಿ ನೋಡಲಿ. “ಆಳು ಮಾಡಿದ್ದು ಹಾಳು” ಎಂಬ ಹಳೆಯ ಗಾದೆಯನ್ನು ಆಡುವ ಮೊದಲು, ಆಳಿನ ಕೈಗೆ ಎಂಥ ಕೆಲಸವನ್ನು ಎಂಥ ಸಲಕರಣೆಯೊಡನೆ ಕೊಟ್ಟಿದ್ದಾಯಿತೆಂಬುದು ಆ ಪುಟದಲ್ಲಿ ಒಡೆಯನಿಗೇ ಕಾಣುವುದು.