ತಿಂಗಳಿಗೊಂದು ಕಲ್ಲು: ಕಟ್ಟಳೆ ಯಾರದು?

ದೀಕ್ಷಾಸ್ನಾನಕ್ಕೆ ಮಗುವಿನ ತಿಂಗಳಿನ ‘ಜನ್ಮರತ್ನ’ದ ಉಂಗುರವನ್ನೇ ಕೊಡಬೇಕೆಂದು ಯಾರಾದರೂ ಒತ್ತಾಯಿಸಿದರೆ, ಆ ಪಟ್ಟಿಯನ್ನು ಬರೆದವರಾರೆಂದು ಕೇಳಿರಿ. ಯೂರೋಪಿನ ಹಳೆಯ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಇಂದಿನ ಪಟ್ಟಿಯ ಮೂಲವನ್ನು 1912ರಲ್ಲಿ ನಿಗದಿಪಡಿಸಿದ್ದು ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ. 1967ರಲ್ಲಿ ಟಾಂಜಾನಿಯಾದಲ್ಲಿ ಪತ್ತೆಯಾದ ಟಾಂಜಾನೈಟ್ 2002ರಲ್ಲಿ ಡಿಸೆಂಬರಿನ ಕಲ್ಲಾಯಿತು; 2016ರಲ್ಲಿ ಆಗಸ್ಟಿಗೆ ಸ್ಪಿನೆಲ್ ಸೇರಿತು. ಹಾಗಾದರೆ ಅದಕ್ಕೂ ಮುಂಚೆ ಹುಟ್ಟಿದವರ ಭಾಗ್ಯ ಅಪೂರ್ಣವೇ? ಸರಕಿನೊಡನೆ ಬದಲಾಗುವುದು ಅಂಗಡಿಯ ಪಟ್ಟಿ, ದೈವಸಂಕಲ್ಪವಲ್ಲ.

ಇದು ಬೈಬಲಿನಲ್ಲೇ ಇದೆ ಎನ್ನುವವರುಂಟು. ವಿಮೋಚನಾಕಾಂಡದ 28ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಆರೋನನ ಎದೆಪದಕದ ಹನ್ನೆರಡು ರತ್ನಗಳಲ್ಲಿ ಕೆತ್ತಿದ್ದು ತಿಂಗಳುಗಳನ್ನಲ್ಲ, ಇಸ್ರಯೇಲಿನ ಕುಲಗಳ ಹೆಸರುಗಳನ್ನು. ಯಾಜಕನು ಅದನ್ನು ಧರಿಸಿದ್ದು ತನ್ನ ಅದೃಷ್ಟಕ್ಕಲ್ಲ. ಆ ಜನರನ್ನು ಎದೆಯ ಮೇಲೆ ಹೊತ್ತು ದೇವರ ಮುಂದೆ ನಿಲ್ಲುವುದಕ್ಕೆ.

ಉಡುಗೊರೆಯೇ ಬೇಡವೆಂದಲ್ಲ. ಕಲ್ಲು ಅಂದವಾಗಿದ್ದು ಕೈಗೆಟುಕಿದರೆ ಕೊಡಿರಿ. ಬಿರುಕಿಗೆ ಗಾಜು ತುಂಬಿದ ಮಾಣಿಕ್ಯವೂ ಮಾರಾಟವಾಗುವುದರಿಂದ ಪರೀಕ್ಷಾಪತ್ರವನ್ನು ಕೇಳಿರಿ. ಆದರೆ ಸಾಲ ಮಾಡಬೇಡಿರಿ. ಉಂಗುರ ತರಲಾಗದ ಬಡ ಸೋದರಮಾವ ಹಬ್ಬದ ಮನೆಯಲ್ಲಿ ತಲೆತಗ್ಗಿಸಿ ನಿಲ್ಲುವುದಾದರೆ ಆ ಸಂಭ್ರಮ ಯಾರದು? ಮಗುವಿನ ಹೆಸರನ್ನು ದಿನವೂ ಪ್ರಾರ್ಥನೆಯಲ್ಲಿ ಹೊತ್ತು ನಿಲ್ಲುವವನು ಬರಿಗೈಯಲ್ಲಿ ಬಂದವನಲ್ಲ.